ಗಾಳಿ ಬೇಕಾದ ಹೊತ್ತು

ಶಿರೂರು ಎಂದರೆ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊರು ನೆನಪಾಗುತ್ತದೆ. ಉಡುಪಿ ಕಡೆಯವರಿಗೆ ಮಠದ ಶಿರೂರು, ಬಾಗಲಕೋಟೆಯವರಿಗೆ ತಮ್ಮ ಜಿಲ್ಲೆಯ ಶಿರೂರು, ಉತ್ತರ ಕನ್ನಡದವರಿಗೆ 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು. ಪುಣೆಗೆ ಕೆಲಸಕ್ಕೋ ಓದಿಗೋ ಬಂದವರ ಪಟ್ಟಿಗೆ ಇನ್ನೊಂದು ಶಿರೂರು ಸೇರುತ್ತದೆ. ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಹೋದರೆ ಘೋಡ್ ನದಿಯ ದಂಡೆಯಲ್ಲಿ ಸಿಗುವ ತಾಲ್ಲೂಕು ಕೇಂದ್ರ ಅದು. ಊರ ಹಳಬರ ಬಾಯಲ್ಲಿ ಅದು ಘೋಡನದಿ. ನಮ್ಮಲ್ಲಿ ಹಲವರು ದಿನಾ ಬಸ್ಸು ಹತ್ತಿ ಹೋಗುವ ರಾಂಜಣಗಾಂವ್ ಕೈಗಾರಿಕಾ ಪ್ರದೇಶ ಇದೇ ತಾಲ್ಲೂಕಿನದು.

ಕಾರ್ಖಾನೆಗಳಿಗೂ ಮುಂಚೆ ಶಿರೂರು ದಂಡಿನ ಊರಾಗಿತ್ತು. 1802ರ ವಸಯಿ ಒಪ್ಪಂದದ ನಂತರ ಈಸ್ಟ್ ಇಂಡಿಯಾ ಕಂಪನಿ ಪೇಶ್ವೆಯ ನೆಲದಲ್ಲಿ ತನ್ನ ಸೈನ್ಯವನ್ನು ಕಾಯಂ ಆಗಿ ಇಟ್ಟದ್ದು ಇಲ್ಲಿ. ಭೀಮಾ ಕೋರೆಗಾಂವ್ ಎಂದು ನಾವೆಲ್ಲ ಕೇಳಿರುವ 1818ರ ಜನವರಿ 1ರ ಕಾಳಗಕ್ಕೆ ಕ್ಯಾಪ್ಟನ್ ಸ್ಟಾಂಟನ್‌ನ ತುಕಡಿ ಹಿಂದಿನ ರಾತ್ರಿ ಹೊರಟದ್ದು ಶಿರೂರಿನಿಂದಲೇ. 1809ರಲ್ಲಿ ಇಲ್ಲಿ ತೀರಿಕೊಂಡ ಕರ್ನಲ್ ವ್ಯಾಲೇಸ್ ಎಂಬ ಅಧಿಕಾರಿಯ ಸಮಾಧಿ ಇದೆ. ಸುತ್ತಲಿನ ಹಳ್ಳಿಗರು ಅವನನ್ನು ‘ಸತ್ಪುರುಷ’ ಎಂದು ಕರೆದು, ಸುಗ್ಗಿಯಲ್ಲಿ ಧಾನ್ಯದ ನೈವೇದ್ಯ ಕೊಡುತ್ತಿದ್ದರೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ.

ಈ ದಂಡಿಗೂ ಕನ್ನಡ ನಾಡಿಗೂ ನೇರ ನಂಟಿದೆ. 1803ರ ಮಾರ್ಚಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಪುಣೆಗೆ ಸೈನ್ಯ ನಡೆಸಿದ್ದು ಹರಿಹರದಿಂದ. ಅವನ ಬಂಡಿಗಳನ್ನು ಎಳೆದದ್ದು ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳು. ಅಕ್ಕಿ, ಮದ್ದುಗುಂಡಿನ ಜೊತೆ ಆ ಸೈನ್ಯದ ಸಾಮಾನಿನಲ್ಲಿ ಅರಕ್ಕಿನ ಪೀಪಾಯಿಗಳೂ ಇದ್ದವು. ಯುರೋಪಿಯನ್ ಸಿಪಾಯಿಗೆ ಪಡಿತರವಾಗಿ ಸಿಗುತ್ತಿದ್ದದ್ದು ಅರಕ್ಕು. ಬಿಯರ್ ಬೇಕೆಂದವರು ಲಂಡನ್ನಿನ ಹಾಜ್ಸನ್ ಭಟ್ಟಿಯಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರುವ ಪೀಪಾಯಿಗೆ ಕಾಯಬೇಕಿತ್ತು. ಅದು ಹೆಚ್ಚಾಗಿ ಅಧಿಕಾರಿಗಳ ಮೇಜಿಗೆ ಹೋಗುತ್ತಿತ್ತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಧಾನ್ಯ ಇತ್ತು, ನೀರಿತ್ತು, ಸೌದೆಯಿತ್ತು, ಕುಡಿಯುವವರಂತೂ ಇದ್ದರು. ಹಾಗಿದ್ದೂ ಘೋಡ್ ನದಿಯ ದಂಡೆಯಲ್ಲಿ ಬಿಯರ್ ಏಕೆ ತಯಾರಾಗಲಿಲ್ಲ? ಉತ್ತರದ ದೊಡ್ಡ ಪಾಲು ಬಿಸಿಲು. ಒಂದು ಸಣ್ಣ ಪಾಲು ಗಾಳಿ. ಈ ಬರಹ ಹೆಚ್ಚಾಗಿ ಆ ಸಣ್ಣ ಪಾಲಿನ ಕುರಿತು. ಬಿಯರ್‌ನ ಕಥೆಯಲ್ಲಿ ಗಾಳಿಯನ್ನು ಅರ್ಥಮಾಡಿಕೊಳ್ಳಲು ಮನುಷ್ಯರಿಗೆ ಹಿಡಿದಷ್ಟು ಕಾಲ ಬೇರೆ ಯಾವುದಕ್ಕೂ ಹಿಡಿಯಲಿಲ್ಲ.

ಮೊದಲು ಕೆಲಸದ ಕ್ರಮ ನೋಡೋಣ. ರಾಗಿ ಮಾಲ್ಟ್ ಗೊತ್ತಿರುವವರಿಗೆ ಬಿಯರ್‌ನ ಅರ್ಧ ಗೊತ್ತಿದ್ದಂತೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದರೆ ಅದು ಮಾಲ್ಟ್. ಮೊಳಕೆಯೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಬಾರ್ಲಿಯ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದಾಗ ಸಿಗುವ ಸಿಹಿಯಾದ ತಿಳಿಯೇ ವರ್ಟ್. ಅದನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಸುಮಾರು ಒಂದು ಗಂಟೆ ಕುದಿಸುತ್ತಾರೆ. ಆರಿಸಿ ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ.

ತೊಡಕು ಇರುವುದು ಕುದಿಸುವುದರಲ್ಲಿ. ಕುದಿಯುವ ನೀರಿನಲ್ಲಿ ಕರಗಿದ ಗಾಳಿ ನಿಲ್ಲುವುದಿಲ್ಲ. ಒಂದು ಗಂಟೆ ಕುದಿದ ವರ್ಟ್‌ನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಖಾಲಿ. ಯೀಸ್ಟ್ ಗಾಳಿಯಿಲ್ಲದೆ ಮದ್ಯ ಮಾಡಬಲ್ಲದು, ಆದರೆ ಗಾಳಿಯಿಲ್ಲದೆ ಚೆನ್ನಾಗಿ ಸಂತಾನ ಬೆಳೆಸಲಾರದು. ಅದರ ಜೀವಕೋಶದ ಪೊರೆ ಗಟ್ಟಿಯಾಗಿ, ಮೃದುವಾಗಿ ಇರಲು ಸ್ಟೆರಾಲ್‌ಗಳೂ ಒಂದು ಬಗೆಯ ಕೊಬ್ಬಿನಾಮ್ಲಗಳೂ ಬೇಕು. ಅವನ್ನು ಕಟ್ಟಿಕೊಳ್ಳಲು ಆಮ್ಲಜನಕ ಬೇಕೇಬೇಕು. ಸಿಗದಿದ್ದರೆ ತಾಯಿಕೋಶ ತನ್ನಲ್ಲಿದ್ದುದನ್ನೇ ಮರಿಗಳಿಗೆ ಹಂಚುತ್ತ ಹೋಗುತ್ತದೆ. ನಾಲ್ಕಾರು ತಲೆಮಾರಿಗೆ ಆಸ್ತಿ ಕರಗಿ ಪೊರೆ ಸೊರಗುತ್ತದೆ. ಹುದುಗು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಆರಿದ ವರ್ಟ್‌ಗೆ, ಯೀಸ್ಟ್ ಹಾಕುವ ಹೊತ್ತಿಗೆ, ಮತ್ತೆ ಗಾಳಿ ಕುಡಿಸಬೇಕು. ಸಾಮಾನ್ಯ ಬಿಯರ್‌ಗೆ ಲೀಟರಿಗೆ 8ರಿಂದ 10 ಮಿಲಿಗ್ರಾಂ ಆಮ್ಲಜನಕ ಸಾಕೆನ್ನುತ್ತಾರೆ.

ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಎತ್ತರದಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಸುರಿದು ನೊರೆ ಎಬ್ಬಿಸುತ್ತಾರಲ್ಲ, ಕೆಲಸ ಅದೇ. ಒಂದೇ ವ್ಯತ್ಯಾಸ, ಇಲ್ಲಿ ಪಾನೀಯ ಆರಿರಬೇಕು. ಬಿಸಿಯಿರುವಾಗ ಗಾಳಿ ಕರಗುವುದೂ ಕಡಿಮೆ, ಬಣ್ಣ ರುಚಿ ಕೆಡುವ ಅಪಾಯವೂ ಇದೆ. ಹುದುಗು ಮುಗಿದ ಮೇಲಂತೂ ಅದೇ ಗಾಳಿ ಶತ್ರು. ಆಗ ತಗುಲಿದ ಆಮ್ಲಜನಕ ಬಿಯರ್‌ಗೆ ಒದ್ದೆ ರಟ್ಟಿನ ವಾಸನೆ ತರುತ್ತದೆ. ಗಾಳಿ ಬೇಕಾದದ್ದು ಕೆಲವೇ ಗಂಟೆ. ಅದಕ್ಕೆ ಮುಂಚೆ ಬೇಡ, ನಂತರ ಬೇಡವೇ ಬೇಡ.

ಈಗ ಶಿರೂರಿನ ಲೆಕ್ಕ. ಸಮುದ್ರಮಟ್ಟದಲ್ಲಿ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ನೀರು ಗಾಳಿಯಿಂದ ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 10 ಡಿಗ್ರಿಯಲ್ಲಿ ಅದು 11.3, 20ರಲ್ಲಿ 9.1, 30ರಲ್ಲಿ 7.6. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿದು ಅಷ್ಟೂ ಸಿಗುವುದಿಲ್ಲ. ಪುಣೆ ಸೀಮೆಯ ಸುಮಾರು 560 ಮೀಟರ್ ಎತ್ತರದಲ್ಲಿ, 30 ಡಿಗ್ರಿ ಸೆಕೆಯಲ್ಲಿ, ಲೆಕ್ಕ ಹಾಕಿದರೆ 7ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸುಮಾರು 1,900 ಮೀಟರ್ ಎತ್ತರದ ಕಸೌಲಿಯಲ್ಲಿ ಒತ್ತಡ ಇನ್ನೂ ಕಡಿಮೆ. ಆದರೂ 10 ಡಿಗ್ರಿ ಚಳಿಯಲ್ಲಿ ಅಲ್ಲಿನ ನೀರು ಸುಮಾರು 9 ಹಿಡಿಯುತ್ತದೆ. ಸಕ್ಕರೆ ತುಂಬಿದ ವರ್ಟ್‌ನಲ್ಲಿ ಎರಡೂ ಕಡೆ ಇನ್ನಷ್ಟು ಇಳಿಯುತ್ತದೆ. ಅದರ ಮೇಲೆ, ಸೆಕೆಯಲ್ಲಿ ತೆರೆದಿಟ್ಟ ಸಿಹಿ ತಿಳಿಯನ್ನು ಯೀಸ್ಟ್‌ಗಿಂತ ಮುಂಚೆ ಬ್ಯಾಕ್ಟೀರಿಯಾ ಆಕ್ರಮಿಸುತ್ತದೆ. ಯೀಸ್ಟ್ ಸೊರಗಿದಷ್ಟೂ ಬ್ಯಾಕ್ಟೀರಿಯಾಕ್ಕೆ ಸುಗ್ಗಿ. ಹೀಗಾಗಿ 1850ರ ದಶಕದಲ್ಲಿ ಡೈಯರ್ ಭಟ್ಟಿ ಹಾಕಿದ್ದು ಕಸೌಲಿಯಲ್ಲಿ. ದಕ್ಷಿಣದಲ್ಲಿ ಜಾಗ ಹುಡುಕಿದವರು ನೀಲಗಿರಿಗೆ ಹೋದರು. ಅವರಿಗೆ ಈ ಅಂಕಿಗಳು ಗೊತ್ತಿರಲಿಲ್ಲ. ಬೆಟ್ಟದ ಮೇಲೆ ಬಿಯರ್ ಕೆಡುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಹಾಗಾದರೆ ಬಯಲುಸೀಮೆಯ ಜನ ಬೆಟ್ಟದ ನೆರವಿಲ್ಲದೆ ಸಾವಿರಾರು ವರ್ಷ ಹೇಗೆ ಹುದುಗು ಬರಿಸಿದರು? ಇದಕ್ಕೆ ಒಂದು ಒಳ್ಳೆಯ ದಾಖಲೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕೆಲಸ ಹೇಳುವ ಒಂದು ಅಧ್ಯಾಯವಿದೆ. ಮೇದಕವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆ ಕೊಟ್ಟಿದೆ. ಕಿಣ್ವವೆಂದರೆ ಹುದುಗಿನ ಗಟ್ಟಿ. ಅದನ್ನು ಮಾಡಲು ಹೇಳಿರುವ ಮುಖ್ಯ ಸಾಮಗ್ರಿ ಉದ್ದು ಮತ್ತು ಅಕ್ಕಿ. ದೋಸೆಗೆ ನೆನೆಹಾಕುವ ಯಾರೂ ಇಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಓದಲಾರರು. ಇಂದು ನಾವು ಎನ್ಜೈಮ್‌ಗೆ ಕನ್ನಡದಲ್ಲಿ ಬಳಸುವ ಪದವೂ ಇದೇ ಕಿಣ್ವ.

ಅದೇ ಅಧ್ಯಾಯದಲ್ಲಿ ಎರಡು ಸಣ್ಣ ಮಾತುಗಳಿವೆ. ಒಂದು, ಸುರೆ ಮತ್ತು ಕಿಣ್ವಕ್ಕೆ ಸಂಬಂಧಿಸಿದ ಸಂಗ್ರಹದ ಕೆಲಸವನ್ನು ಹೆಂಗಸರು ಮಕ್ಕಳು ಮಾಡಬೇಕು. ಇನ್ನೊಂದು, ವಿಶೇಷ ಸಂದರ್ಭಗಳಲ್ಲಿ ಗೃಹಸ್ಥರು ಮನೆಯಲ್ಲೇ ಬಿಳಿ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಿಗೆ ನಾಲ್ಕು ದಿನದ ವಿನಾಯಿತಿಯೂ ಇದೆ. ಮದ್ಯದ ಮೇಲೆ ಬಿಗಿಹಿಡಿತ ಬಯಸಿದ, ಪ್ರತಿ ಕಾಸಿಗೂ ಲೆಕ್ಕ ಕೇಳುವ ಗ್ರಂಥ ಅದು. ಅದು ಕೂಡ ಮನೆಯ ಮಡಕೆಗೆ ಒಂದಷ್ಟು ಜಾಗ ಬಿಟ್ಟಿತ್ತು.

ಈ ಹಳೆಯ ವಿಧಾನಗಳಲ್ಲಿ ಗಾಳಿಯ ಮಾತೇ ಬರುವುದಿಲ್ಲ. ಬರಬೇಕಾದ ಅಗತ್ಯವೂ ಅಷ್ಟಿರಲಿಲ್ಲ. ಕಿಣ್ವದ ಗಟ್ಟಿಯನ್ನು ಕೈಯಿಂದ ಕಲಸಿ, ಗಾಳಿಗೆ ಒಡ್ಡಿ ಬೆಳೆಸಿದರೆ ಯೀಸ್ಟ್ ಪುಷ್ಟಿಯಾಗಿಯೇ ಮಡಕೆಗೆ ಇಳಿಯುತ್ತದೆ. ಹೆಂಡವನ್ನು ಕುದಿಸುವುದೇ ಇಲ್ಲ. ಈಚಲು ತೆಂಗಿನ ರಸ ರಾತ್ರಿಯಿಡೀ ತೆರೆದ ಮಡಕೆಗೆ ಹನಿಹನಿಯಾಗಿ ಬೀಳುವಾಗ ದಾರಿಯಲ್ಲೇ ಗಾಳಿ ಕುಡಿದಿರುತ್ತದೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನಿಗೆ ಆಮ್ಲಜನಕದ ಚಿಂತೆ ಇರಲಿಲ್ಲ. ಗಾಳಿಯನ್ನು ಕಳೆದುಕೊಂಡದ್ದು ಕುದಿಸುವ ಪದ್ಧತಿ. ಕಳೆದದ್ದನ್ನು ಮರಳಿ ಕೊಡಬೇಕಾಗಿ ಬಂದದ್ದೂ ಆ ಪದ್ಧತಿಗೇ.

ಯುರೋಪಿನ ಭಟ್ಟಿಯವರು ಇದನ್ನು ಕಾರಣ ಗೊತ್ತಿಲ್ಲದೆಯೇ ಮಾಡುತ್ತಿದ್ದರು. ಅಗಲವಾದ, ಆಳವಿಲ್ಲದ ತೊಟ್ಟಿಗಳಲ್ಲಿ ವರ್ಟ್ ಆರಿಸುತ್ತಿದ್ದರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಕಲ್ಲಿನ ಚೌಕ ತೊಟ್ಟಿಗಳಲ್ಲಿ ಹುದುಗುತ್ತಿರುವ ಬಿಯರನ್ನೇ ಪಂಪಿನಿಂದ ಎತ್ತಿ ಯೀಸ್ಟ್‌ನ ಮೇಲೆ ಚಿಮುಕಿಸುತ್ತಿದ್ದರು. ಹೀಗೆ ಮಾಡದಿದ್ದರೆ ಯೀಸ್ಟ್ ‘ಮಲಗುತ್ತದೆ’ ಎಂಬುದು ಅನುಭವ.

ಕಾರಣ ಹುಡುಕಲು ಹೊರಟವರ ಕಥೆ ಸ್ವಾರಸ್ಯಕರ. 1810ರಲ್ಲಿ ಫ್ರಾನ್ಸಿನ ಗೇ-ಲುಸಾಕ್, ಬಿಸಿ ಮಾಡಿ ಮುಚ್ಚಿಟ್ಟ ಬಾಟಲಿಯ ದ್ರಾಕ್ಷಿರಸ ಹುದುಗುವುದಿಲ್ಲ, ಗಾಳಿ ತಾಗಿಸಿದರೆ ಹುದುಗುತ್ತದೆ ಎಂದು ಕಂಡ. ಆಮ್ಲಜನಕವೇ ಹುದುಗನ್ನು ಆರಂಭಿಸುತ್ತದೆ ಎಂದು ತೀರ್ಮಾನಿಸಿದ. 1837ರಲ್ಲಿ ಜರ್ಮನಿಯ ಶ್ವಾನ್ ಗಾಳಿಯನ್ನು ಕಾಯಿಸಿ ಒಳಬಿಟ್ಟು ನೋಡಿದ. ಆಮ್ಲಜನಕವಿದ್ದರೂ ಹುದುಗು ಬರಲಿಲ್ಲ. ಹಾಗಾದರೆ ಕೆಲಸ ಮಾಡುವುದು ಗಾಳಿಯಲ್ಲ, ಗಾಳಿಯಲ್ಲಿ ಬರುವ ಜೀವಿ. ಪಾಶ್ಚರ್ ಇದನ್ನು ಗಟ್ಟಿಮಾಡಿದ. ಹುದುಗು ಎಂದರೆ ಗಾಳಿಯಿಲ್ಲದ ಬದುಕು ಎಂದ. ಗೇ-ಲುಸಾಕ್‌ನ ಮಾತು ಮೂಲೆಗೆ ಸರಿಯಿತು.

ಆದರೆ ಪಾಶ್ಚರ್ ಅಲ್ಲಿಗೇ ನಿಲ್ಲಲಿಲ್ಲ. 1870–71ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ, ಬಿಯರ್‌ನಲ್ಲಾದರೂ ಜರ್ಮನರನ್ನು ಮೀರಿಸಬೇಕೆಂಬ ಹಟದಿಂದ ಅವನು ಈ ಕೆಲಸಕ್ಕೆ ಕೂತ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಭಟ್ಟಿಗೆ ಹೋಗಿ ಅವರ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಕೆಟ್ಟಿದೆ ಎಂದು ತೋರಿಸಿಕೊಟ್ಟ. 1876ರ ಬಿಯರ್ ಕುರಿತ ತನ್ನ ಪುಸ್ತಕದಲ್ಲಿ, ಗಾಳಿಯೇ ಸಿಗದ ಯೀಸ್ಟ್ ಮುಪ್ಪಾಗುತ್ತದೆ, ಸ್ವಲ್ಪ ಗಾಳಿ ಸಿಕ್ಕರೆ ಮತ್ತೆ ಹರೆಯಕ್ಕೆ ಬರುತ್ತದೆ ಎಂಬುದನ್ನೂ ಬರೆದ. ಏಕೆ ಹಾಗೆ ಎಂಬುದು ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1953–54ರಲ್ಲಿ ಆಂಡ್ರಿಯಾಸನ್ ಮತ್ತು ಸ್ಟಿಯರ್ ಎಂಬಿಬ್ಬರು ಒಂದನ್ನು ತೋರಿಸಿದರು. ಗಾಳಿ ಕೊಡದೆಯೇ, ಎರ್ಗೊಸ್ಟೆರಾಲನ್ನೂ ಕೊಬ್ಬಿನಾಮ್ಲವನ್ನೂ ಹೊರಗಿನಿಂದ ಕೊಟ್ಟರೆ ಯೀಸ್ಟ್ ಬೆಳೆಯುತ್ತದೆ. ಅಂದರೆ ಆಮ್ಲಜನಕ ಬೇಕಾದದ್ದು ಉಸಿರಿಗಲ್ಲ, ಪೊರೆ ಕಟ್ಟಲು. ಗೇ-ಲುಸಾಕ್‌ನ ಕಾರಣ ತಪ್ಪಾಗಿತ್ತು. ಆದರೆ ಹುದುಗಿನ ಮೊದಲಿಗೆ ಗಾಳಿ ಬೇಕೆಂಬ ಮಾತು ನಿಂತಿತು. ಇದಿಷ್ಟಕ್ಕೆ 140 ವರ್ಷ ಹಿಡಿಯಿತು.

ಈ ಶಾಸ್ತ್ರ ಬೆಳೆಯುತ್ತಿದ್ದ ವರ್ಷಗಳಲ್ಲೇ ಇಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಪಾಶ್ಚರ್‌ನ ಪುಸ್ತಕ ಬಂದು ಎರಡು ವರ್ಷಕ್ಕೆ, 1878ರಲ್ಲಿ, ಬಾಂಬೆ ಅಬಕಾರಿ ಕಾಯ್ದೆ ಬಂತು. ಹಳ್ಳಿಹಳ್ಳಿಯ ಭಟ್ಟಿ ಮುಚ್ಚಿಸಿ, ದೊಡ್ಡ ಗುತ್ತಿಗೆದಾರರ ಕೈಗೆ ತಯಾರಿಕೆ ಕೊಟ್ಟು, ಸುಂಕ ಹೆಚ್ಚಿಸಿಕೊಳ್ಳುವುದು ಅದರ ದಾರಿ. 1892ರಲ್ಲಿ ಠಾಣೆ, ಕೊಲಾಬಾ ಜಿಲ್ಲೆಗಳಲ್ಲಿ ಇಪ್ಪೆ ಹೂವಿನ ಮೇಲೆಯೇ ಕಾನೂನು ಬಂತು. ಮರದಿಂದ ಉದುರಿದ ಹೂವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಸರ್ಕಾರದ ಕಣ್ಣು. ಮಡಕೆ ಬಲ್ಲ ಹೆಂಗಸು ಅಪರಾಧಿಯಾದಳು. ಇತ್ತ ಯಂತ್ರದ ತಂಪು ಬಂದ ಮೇಲೆ ಬೆಟ್ಟದ ಹಂಗು ಕಡಿಮೆಯಾಯಿತು. ಬೆಂಗಳೂರಿನ ದಂಡಿಗೂ ಭಟ್ಟಿ ಬಂತು. 1915ರಲ್ಲಿ ಥಾಮಸ್ ಲೈಷ್‌ಮನ್ ದಕ್ಷಿಣದ ಐದು ಭಟ್ಟಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1947ರಲ್ಲಿ ವಿಠಲ ಮಲ್ಯ ಅದರ ನಿರ್ದೇಶಕರಾದರು. ಹುದುಗಿನ ಅರಿವು ಒಂದು ಕಡೆ ಶಾಸ್ತ್ರವಾಗಿ ಕಂಪನಿಯೊಳಗೆ ಸೇರಿತು. ಇನ್ನೊಂದು ಕಡೆ ಗುಟ್ಟಾಗಿ ಕಾಡಿನೊಳಗೆ ಸೇರಿತು.

1949ರ ಬಾಂಬೆ ಪಾನನಿಷೇಧ ಕಾಯ್ದೆಯ ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಯಪುರಗಳೂ ಶಿರೂರೂ ಒಂದೇ ರಾಜ್ಯ. 1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರಿಗೆ ಸೇರಿದವು. 1965ರಲ್ಲಿ ನಮ್ಮದೇ ಅಬಕಾರಿ ಕಾಯ್ದೆ ಬಂತು. ಮಹಾರಾಷ್ಟ್ರದಲ್ಲಿ ಮಾತ್ರ ಆ 1949ರ ಕಾಯ್ದೆಯೇ ತಿದ್ದುಪಡಿಗಳೊಂದಿಗೆ ಮುಂದುವರಿದಿದೆ. ಪುಣೆಯ ಬಾರಿನಲ್ಲಿ ಕೂತವನಿಗೆ ಕಾಗದದ ಮೇಲೆ ಕುಡಿಯುವ ಪರ್ಮಿಟ್ ಬೇಕೆಂಬುದು ಅದರದೇ ಉಳಿಕೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಇಲ್ಲಿ ಅಪರಾಧ.

ಬೇರೆ ದೇಶಗಳು ಈ ಗಂಟನ್ನು ಬೇರೆ ರೀತಿ ಬಿಚ್ಚಿದವು. ಬ್ರಿಟನ್ 1963ರಲ್ಲಿ ಮನೆ ಬಿಯರ್‌ಗಿದ್ದ ಪರವಾನಗಿಯನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಯ ಬಳಕೆಗಾಗಿ ಮಾಡುವ ಬಿಯರನ್ನು ತೆರಿಗೆಯಿಂದ ಬಿಟ್ಟಿತು. ಆಮೇಲೆ ಗಾಳಿಯ ಶಾಸ್ತ್ರ ಅಡುಗೆಮನೆಗೆ ಇಳಿಯಿತು. ಮುಚ್ಚಿದ ಡಬ್ಬವನ್ನು ನಾಲ್ಕೈದು ನಿಮಿಷ ಕುಲುಕುವುದು, ಮೀನಿನ ತೊಟ್ಟಿಯ ಪಂಪಿಗೆ ಸೋಸುಬಿಲ್ಲೆ ಮತ್ತು ರಂಧ್ರದ ಕಲ್ಲು ಸಿಕ್ಕಿಸಿ ಗುಳ್ಳೆ ಬಿಡುವುದು, ಗಾಢ ಬಿಯರ್ ಆದರೆ ಶುದ್ಧ ಆಮ್ಲಜನಕದ ಪುಟ್ಟ ಸಿಲಿಂಡರ್. ಬರೀ ಗಾಳಿಯಿಂದ ವರ್ಟ್‌ಗೆ ಲೀಟರಿಗೆ 8 ಮಿಲಿಗ್ರಾಂ ದಾಟಿಸುವುದು ಕಷ್ಟ ಎಂಬ ಅಂಕಿ ಗುಮಾಸ್ತರಿಗೂ ಮೇಷ್ಟ್ರುಗಳಿಗೂ ಬಾಯಿಪಾಠವಾಯಿತು. ಅಲ್ಲಿನ ಸಣ್ಣ ಭಟ್ಟಿಗಳ ಅಲೆ ಎದ್ದದ್ದು ಬಹಳಷ್ಟು ಇಂಥ ಮನೆಗಳಿಂದ.

ನಮ್ಮಲ್ಲಿ ಕ್ರಮ ತಲೆಕೆಳಗಾಯಿತು. 2009ರಲ್ಲಿ ಪುಣೆಯಲ್ಲಿ ದೂಲಾಲಿ ಎಂಬ ಕಿರುಭಟ್ಟಿ ತೆರೆಯಿತು. ಭಾರತದ ಈ ಬಗೆಯ ಮೊದಮೊದಲ ಭಟ್ಟಿಗಳಲ್ಲಿ ಅದೂ ಒಂದು. ಆ ಹೆಸರು ಕೂಡ ದಂಡಿನದೇ. ನಾಸಿಕ್ ಬಳಿಯ ದೇವಲಾಲಿಯಲ್ಲಿ ಊರಿಗೆ ಮರಳುವ ಹಡಗಿಗೆ ಕಾದು ಕಾದು ತಲೆಕೆಟ್ಟ ಗೋರಾ ಸಿಪಾಯಿಗಳಿಂದ ಬಂದ ಪದ. ಮರುವರ್ಷಗಳಲ್ಲೇ ಬೆಂಗಳೂರೂ ಕಿರುಭಟ್ಟಿಗಳ ಊರಾಯಿತು. ಉಕ್ಕಿನ ಕೊಳವೆಯಲ್ಲಿ ತಂಪಾಗಿ ಹರಿಯುವ ವರ್ಟ್‌ಗೆ ಅಲ್ಲೇ ಅಳೆದು ಆಮ್ಲಜನಕ ಬಿಡುವ ಯಂತ್ರವನ್ನು ಗಾಜಿನ ಗೋಡೆಯಾಚೆ ನಾವೆಲ್ಲ ನೋಡಿದ್ದೇವೆ. ಕೆಲವೆಡೆ ರಾಗಿಯ ಬಿಯರ್ ಕೂಡ ಸಿಗುತ್ತದೆ. ಬೆಲೆ ನೋಡಿದರೆ ಅದು ರಾಗಿ ಬೆಳೆಯುವವನಿಗಾಗಿ ಮಾಡಿದ್ದಲ್ಲ ಎಂದು ಗೊತ್ತಾಗುತ್ತದೆ.

ಇದನ್ನೆಲ್ಲ ಮದ್ಯದ ಪರವಾಗಿ ಬರೆಯುತ್ತಿಲ್ಲ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರು ‘ನಿಂತ ಬಾಟಲಿ, ಮಲಗಿದ ಬಾಟಲಿ’ ಎಂದು ಮತ ಹಾಕಿ ಅಂಗಡಿ ಮುಚ್ಚಿಸಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಇತಿಹಾಸದ ಇನ್ನೊಂದು ಪುಟವೂ ನಮ್ಮದೇ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇಯಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಬಡವರು ವಿಷಮದ್ಯಕ್ಕೆ ಬಲಿಯಾದರು. ಇಂಥ ಸಾವುಗಳಿಗೆ ಕಾರಣ ಸಾಮಾನ್ಯವಾಗಿ ಮೆಥನಾಲ್. ಅಕ್ಕಿ, ರಾಗಿ, ಬಾರ್ಲಿಯನ್ನು ಯೀಸ್ಟ್ ಹುದುಗಿಸಿದ ಮಡಕೆಯಿಂದ ಅಷ್ಟು ಮೆಥನಾಲ್ ಬರುವುದಿಲ್ಲ. ಕಾರ್ಖಾನೆಯ ಬಳಕೆಗಾಗಿ ತಯಾರಾದ ರಸಾಯನವನ್ನು ಬೆರೆಸಿದಾಗ ಬರುತ್ತದೆ. ಮಡಕೆ ಬಲ್ಲ ಕೈಗಳನ್ನು ಕಟ್ಟಿಹಾಕಿದ ಮೇಲೆ ಕುಡಿತ ನಿಲ್ಲಲಿಲ್ಲ. ಮಡಕೆ ಬಲ್ಲವರ ಜಾಗಕ್ಕೆ ರಸಾಯನ ಬೆರೆಸುವವರು ಬಂದರು.

ಯಾವ ಮಡಕೆಗೆ ಅನುಮತಿ, ಯಾವುದಕ್ಕೆ ಬೇಡ ಎಂಬುದನ್ನು ಇಂದಿನ ಕಾನೂನು ಬಂಡವಾಳದಿಂದ ಅಳೆಯುತ್ತದೆ. ಪುಣೆಯ ಕಿರುಭಟ್ಟಿಯಲ್ಲಿ ವರ್ಟ್‌ಗೆ ಗಾಳಿ ಕುಡಿಸುವವನು ಕುಶಲಕರ್ಮಿ. ಅದೇ ಜಿಲ್ಲೆಯ ತಾಂಡಾದಲ್ಲಿ ಮಡಕೆ ಕಲಕುವವಳು ಆರೋಪಿ. ಇಬ್ಬರೂ ಸಾಕುತ್ತಿರುವುದು ಯೀಸ್ಟನ್ನೇ, ಇಬ್ಬರಿಗೂ ಬೇಕಾದದ್ದು ಸ್ವಚ್ಛ ಪಾತ್ರೆ, ಹದವಾದ ತಂಪು, ಸರಿಯಾದ ಹೊತ್ತಿಗೆ ಒಂದಿಷ್ಟು ಗಾಳಿ. ಮನೆಯ ಮಡಕೆಗೆ ಒಂದು ಮಿತಿ ಹಾಕಿ, ಅದರೊಳಗೆ ತಿಳಿವಳಿಕೆ ಹರಡಲು ಬಿಡಬಹುದೇ ಎಂಬುದು ಹೊಸ ಪ್ರಶ್ನೆಯೇನೂ ಅಲ್ಲ. ಮೈಸೂರಿನಲ್ಲಿ ಸಿಕ್ಕ ಆ ತಾಳೆಗರಿಯಲ್ಲಿ ಅದಕ್ಕೆ ಒಂದು ಉತ್ತರ ಬರೆದಿಟ್ಟಿತ್ತು. ಅದನ್ನು ಒಪ್ಪಬೇಕೆಂದಿಲ್ಲ. ಒಪ್ಪದಿದ್ದರೆ, ಗಾಜಿನ ಗೋಡೆಯೊಳಗಿನ ತೊಟ್ಟಿಗೆ ನಾವು ಒಪ್ಪಿಗೆ ಕೊಟ್ಟದ್ದು ಯಾವ ಆಧಾರದ ಮೇಲೆ ಎಂಬುದನ್ನಾದರೂ ಕೇಳಿಕೊಳ್ಳಬೇಕು.